ಬಸುರಿಯರು ಕಾಯಿ ಒಡೆಯಕೂಡದು

“ಲೇ ಹೇಮಶ್ರೀ, ಮಚ್ಚು ಕೆಳಗಿಡು. ಎದ್ ನಿಂತ್ಕ. ಪಕ್ಕಕ್ ತಿರುಗು. ಇನ್ನೂ ಒಸಿ. ಹಾ, ಅಂಗೇ ಇರು.”

ಸೂಪರ್‌ವೈಸರ್ ಹನುಮಂತರಾಜು ಒಂದು ಕಣ್ಣು ಮುಚ್ಚಿದ. ತೋಳು ಚಾಚಿ, ಪೆನ್ನನ್ನು ನೆಟ್ಟಗೆ ಹಿಡಿದು, ಗೋಡೆ ವಾಲಿದೆಯೇ ಎಂದು ನೋಡುವ ಗಾರೆ ಮೇಸ್ತ್ರಿಯ ಗಾಂಭೀರ್ಯದಲ್ಲಿ ಹೇಮಶ್ರೀಯ ಹೊಟ್ಟೆಯನ್ನು ಅಳೆದ.

“ಉಬ್ಬೈತೆ.”

“ಬೆಳಿಗ್ಗೆ ಎಲ್ಡು ಮುದ್ದೆ ಉಂಡಿವ್ನಿ ಸಾ.”

“ಮುದ್ದೆ ಉಬ್ಬು ಬ್ಯಾರೆ, ಮುದ್ದಿನ ಉಬ್ಬು ಬ್ಯಾರೆ ಕಣಮ್ಮಿ. ನಂಗೊತ್ತಾಗಲ್ವ? ಮೂರು ಮಕ್ಳಪ್ಪ ನಾನು.”

“ನೀನೇ ಹೆತ್ತಂಗ್ ಆಡ್ತೀಯಲ್ಲೊ,” ಎಂದಳು ಪುಟ್ಟತಾಯಮ್ಮ, ತಲೆ ಎತ್ತದೆ. ಮಚ್ಚಿನ ಬೆನ್ನಿನಿಂದ ಒಂದೇ ಏಟು. ನೀರು ತೊಟ್ಟಿಗೆ, ಹೋಳು ಬೆಲ್ಟಿಗೆ. “ನಿನ್ ಹೊಟ್ಟೆ ಅಳದ್ರೆ ಅವಳಿ ಜವಳಿ ಅನ್ಬೇಕು.”

ಸಾಲಿನಲ್ಲಿದ್ದ ಮೂವತ್ತೊಂದು ಹೆಂಗಸರೂ ಮೂಗಿನಲ್ಲಿ ನಕ್ಕೆವು. ಬಾಯಲ್ಲಿ ನಗುವಂತಿರಲಿಲ್ಲ. ಎಂಜಲು ಹಾರಿ ಕಾಯಿಗೆ ಬೀಳುತ್ತದೆಂದು ಮೂತಿಗೆ ಬಟ್ಟೆ ಕಟ್ಟಿಸಿದ್ದರು.

ಹನುಮಂತರಾಜು ಕಂಕುಳಿನಿಂದ ರಿಜಿಸ್ಟರ್ ತೆಗೆದ. ಅದು ಪ್ಯಾಡ್ ರಿಜಿಸ್ಟರ್. ಮುಟ್ಟಾದವರು ಅವನ ರೂಮಿಗೆ ಹೋಗಿ, ಅವನ ಬೀರುವಿನಿಂದ ಪ್ಯಾಡ್ ಇಸಕೊಂಡು, ಅವನ ಕಣ್ಣೆದುರಿಗೆ ಸೈನ್ ಮಾಡಬೇಕು.

“ಇಲ್ ನೋಡು. ಒಂಬತ್ ತಿಂಗ್ಳಿಂದ ನಿನ್ ಸೈನಿಲ್ಲ. ಹೋದ್ ವಾರ ಕ್ಯಾಂಪಲ್ಲಿ ಸೂಜಿ ಬ್ಯಾಡ ಅಂದೆ. ಎಲ್ಡೂ ಸೇರ್ಸಿದ್ರೆ ಏನಾಯ್ತದೆ?”

“ಒಂಬತ್ತಾಗಿದ್ರೆ ಇಷ್ಟೊತ್ಗೆ ಹೆತ್ತು ನಿನ್ ಕೈಗೇ ಕೊಟ್ಟಿರ್ತಿದ್ದೆ ಸಾ,” ಎಂದಳು ಹೇಮಶ್ರೀ.

“ಬಾಯಿ ಮುಚ್ಲೇ ಲೌಡಿ. ನಾಳೆ ಸಾವ್ಕಾರ್ರು ಬತ್ತಾರೆ. ನೀನುಂಟು, ಆ ಬೋರ್ಡುಂಟು.”

ಬೋರ್ಡು ನಮ್ಮ ತಲೆಯ ಮೇಲೇ ಇತ್ತು. ‘ಬಸುರಿಯರು ಕಾಯಿ ಒಡೆಯಕೂಡದು. ಇದು ಶಾಸ್ತ್ರ.’ ಕೆಳಗೆ, ‘ಆಡಳಿತ ಮಂಡಳಿ’ ಎಂದು ಸೀಲು.

ಇದು ಗುಬ್ಬಿ ರಸ್ತೆಯ ಕಾಯಿಪುಡಿ ಫ್ಯಾಕ್ಟರಿ. ಗಂಡಸರು ಕಾಯಿ ಸುಲಿದು ಗುಡ್ಡೆ ಹಾಕುತ್ತಾರೆ, ನಾವು ಒಡೆಯುತ್ತೇವೆ, ಮಿಷನ್ನು ತುರಿದು ಒಣಗಿಸುತ್ತದೆ, ಯಾವುದೋ ದೇಶದವರು ಅದನ್ನು ಬಿಸ್ಕತ್ತಿನ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆ. ಒಬ್ಬೊಬ್ಬಳಿಗೆ ದಿನಕ್ಕೆ ಸಾವಿರದಿನ್ನೂರು ಕಾಯಿ. ಇಷ್ಟು ಒಡೆದರೂ ಆಫೀಸಿನ ಮುಂದಿನ ಗಣಪತಿಗೆ ಶುಕ್ರವಾರ ಒಡೆಯುವ ಒಂದೇ ಒಂದು ಕಾಯಿಯನ್ನು ನಾವು ಮುಟ್ಟುವಂತಿಲ್ಲ. ನಮ್ಮಲ್ಲಿ ಅರ್ಧ ಜನ ಕಾಲೊನಿಯವರು. ಮಿಕ್ಕರ್ಧ, ಕಾಲೊನಿಯವರ ಪಕ್ಕದಲ್ಲಿ ಕೂತು ಕೆಟ್ಟವರು.

ಬೋರ್ಡಿನಲ್ಲಿರುವ ಮಾತು ಸುಳ್ಳಲ್ಲ. ಬಸುರಿ ಕಾಯಿ ಒಡೆಯಬಾರದು, ಒಡೆಯುವ ಕಡೆ ನಿಲ್ಲಲೂಬಾರದು ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ಅಜ್ಜಿಯ ಬಾಯಲ್ಲಿ ಅದರ ಅರ್ಥ, ಒಸಿ ಕೂತ್ಕೊ ಮಗಳೇ ಎಂದು. ಸಾಹುಕಾರ ರೇಣುಕಾಪ್ರಸಾದರ ಬಾಯಲ್ಲಿ ಅದೇ ಮಾತಿಗೆ, ನಡಿ ಮನೆಗೆ ಎಂದು ಅರ್ಥ. ಹೆರಿಗೆ ರಜೆ, ಸಂಬಳ ಎಂಬ ಪದಗಳನ್ನು ಹಿಡಿಸುವಷ್ಟು ಬೋರ್ಡು ಅಗಲವಿರಲಿಲ್ಲ.

ಹಾಗೆಂದು ಪದೇ ಪದೇ ಹೊಸಬರನ್ನು ಹುಡುಕಿ ಕಾಯಿ ಒಡೆಯಲು ಕಲಿಸುವುದು ಕಂಪನಿಗೆ ತಲೆನೋವು. ಅದಕ್ಕೇ ಮೂರು ತಿಂಗಳಿಗೊಮ್ಮೆ ಕ್ಯಾಂಟೀನಿನಲ್ಲಿ ‘ಆರೋಗ್ಯ ಶಿಬಿರ’. ಬಾಗಿಲಿಗೆ ಹಳೇ ಬೆಡ್‌ಶೀಟಿನ ಪರದೆ. ಈಚೆಯಿಂದ ನಾವು ತೋಳು ತೂರಿಸಬೇಕು, ಆಚೆಯಿಂದ ಕಾಂಪೌಂಡರ್ ಸೂಜಿ ಚುಚ್ಚುತ್ತಾನೆ, ಕಾರ್ಡಿಗೆ ಹಸಿರು ಸೀಲು, ಕೈಗೊಂದು ಬಾಳೆಹಣ್ಣು. ಮೂರು ತಿಂಗಳು ಬಸುರಿಲ್ಲ. ಸೂಜಿಯ ಮೇಲೆ ನಮಗೆ ಸಿಟ್ಟಿರಲಿಲ್ಲ. ಮೂರು ಹೆತ್ತು ಸುಸ್ತಾದವರು ತಾವಾಗಿ ಕೇಳಿ ಹಾಕಿಸಿಕೊಂಡದ್ದುಂಟು. ಸಿಟ್ಟಿದ್ದದ್ದು ಕೇಳದೆ ಚುಚ್ಚುವುದರ ಮೇಲೆ. ಪುಟ್ಟತಾಯಮ್ಮನಿಗೆ ಐವತ್ತೆಂಟು. ಅವಳನ್ನೂ ಬಿಟ್ಟಿರಲಿಲ್ಲ.

“ನಂಗ್ಯಾಕ್ಲಾ ಸೂಜಿ? ಗಂಡ ಸತ್ತು ಒಂಬತ್ ವರ್ಸ ಆಯ್ತು.”

“ಲಿಸ್ಟಲ್ಲಿ ಹೆಸ್ರೈತೆ ಕಣಜ್ಜಿ.”

“ನನ್ ಹೆಸ್ರೈತೆ. ನನ್ ಗಂಡನ್ ಹೆಸ್ರೈತಾ ನೋಡ್ಲಾ ಮುಂಡೇದೆ.”

ಹೇಮಶ್ರೀ ಮದುವೆಯಾದ ಹೊಸದರಲ್ಲಿ ಎರಡು ವರ್ಷ ಸೂಜಿ ಹಾಕಿಸಿಕೊಂಡಳು. ಆಮೇಲೆ ಅವಳಿಗೆ ಮಗು ಬೇಕೆನಿಸಿತು. ಯಾಕೆ ಎಂದು ಕಂಪನಿಯೂ ಕೇಳಿತು, ಅತ್ತೆಯೂ ಕೇಳಿದಳು; ಕಂಪನಿ ಯಾಕೆ ಬೇಕು ಎಂದು, ಅತ್ತೆ ಯಾಕೆ ಆಗಲಿಲ್ಲ ಎಂದು. ಸೂಜಿ ನಿಲ್ಲಿಸಿದರೆ ಹಸಿರು ಸೀಲಿಲ್ಲ, ಸೀಲಿಲ್ಲದಿದ್ದರೆ ಗೇಟು ತೆರೆಯುವುದಿಲ್ಲ. ಅವಳು ಹಮಾಲಿ ಕರಿಸಿದ್ದಪ್ಪನ ಹತ್ತಿರ ಹೋದಳು. ಅರವತ್ತು ದಾಟಿದ ಮುದುಕ, ಕಾಯಿ ಮೂಟೆ ಹೊತ್ತೂ ಹೊತ್ತೂ ತೋಳು ಒನಕೆಯಂತಾಗಿತ್ತು. ಅವನು ಅವಳ ಬಳೆ ತೊಟ್ಟು, ಪರದೆಯೊಳಗೆ ತೋಳು ತೂರಿಸಿದ.

“ಏನಮ್ಮಾ ಇದು, ತೋಳೆಲ್ಲ ಕರಡಿ ಕೂದ್ಲು?” ಎಂದಿತು ಕಾಂಪೌಂಡರನ ದನಿ.

“ಸೂಜಿ ಎಫೆಕ್ಟು ಸಾ,” ಎಂದಳು ಹೇಮಶ್ರೀ ಈಚೆಯಿಂದ.

ಆಚೆ ಗಾಜು ಮೇಜಿಗೆ ತಾಗಿದ ಸದ್ದಾಯಿತು. ಔಷಧಿಯ ಸೀಸೆಯ ಮೇಲಿನ ಸಣ್ಣಕ್ಷರವನ್ನು ಓದುತ್ತಿದ್ದನೆಂದು ಕಾಣುತ್ತದೆ. ಆಮೇಲೆ ಚುಚ್ಚಿದ.

ಮೂರು ತಿಂಗಳ ನಂತರ ಮತ್ತೊಮ್ಮೆ ಅದೇ ತೋಳು. ಕರಿಸಿದ್ದಪ್ಪ ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ. “ಒಳ್ಳೆ ಸೂಜಿ ಕಣವ್ವ. ಮೂರ್ ತಿಂಗ್ಳಾಯ್ತು, ಒಂದ್ ಕಿತಾನೂ ಬಸ್ರಾಗ್ಲಿಲ್ಲ ನಾನು.”

ಮೂರನೆಯ ಸಲ, ಅಂದರೆ ಹೋದ ವಾರ, ಪರದೆಯನ್ನು ಒಗೆಯಲು ಹಾಕಿದ್ದರು. ಹೇಮಶ್ರೀ ಮುಖಾಮುಖಿ ನಿಂತು ಬ್ಯಾಡ ಎನ್ನಬೇಕಾಯಿತು. ಹಳೇ ಸೀಲಿಗೆ ತಿಂಗಳ ಕೊನೆಯವರೆಗೆ ಅವಧಿಯಿದ್ದುದರಿಂದ ಗೇಟು ಮಾತ್ರ ಇನ್ನೂ ತೆರೆಯುತ್ತಿತ್ತು.

ತಮಾಷೆಯೆಂದರೆ, ಬೇಡ ಎಂದವಳಿಗೆ ಆಗಬೇಕಾದದ್ದೂ ಆಗಿರಲಿಲ್ಲ. ಕೊನೆಯ ಸೂಜಿಯಾಗಿ ಒಂಬತ್ತು ತಿಂಗಳು. ಬಸುರೂ ಇಲ್ಲ, ಮುಟ್ಟೂ ಇಲ್ಲ. ನಮ್ಮೂರಿನ ಉಪಕೇಂದ್ರದ ಸುಧಾ ಸಿಸ್ಟರ್ ಹತ್ತಿರ ಅವಳನ್ನು ಕರೆದುಕೊಂಡು ಹೋಗಿದ್ದು ನಾನೇ. ನಾನು ಅವಳ ಪಕ್ಕದ ಮನೆಯವಳು. ತುಮಕೂರಿನ ಕಾಲೇಜಿನಲ್ಲಿ ಓದಿದ ತಪ್ಪಿಗೆ ಸಾಲಿನಲ್ಲಿ ನನ್ನ ಹೆಸರೇ ಅಳಿಸಿ ‘ಬಿಯೆ’ ಎಂದಾಗಿದೆ.

“ಗಾಬ್ರಿ ಬೇಡ ಕಣೇ,” ಎಂದಿದ್ದರು ಸಿಸ್ಟರ್. “ಸೂಜಿ ಬಿಟ್ಟ ತಕ್ಷಣ ಆಗೋದಿಲ್ಲ. ಮೈಯಿಂದ ಅದು ಇಳಿಯೋಕೆ ಟೈಮ್ ಬೇಕು. ಕೊನೇ ಸೂಜಿ ಆಗಿ ಏಳೋ, ಒಂಬತ್ತೋ, ಹತ್ತೋ ತಿಂಗಳು ಹಿಡಿಯುತ್ತೆ, ಕೆಲವರಿಗೆ ವರ್ಷನೂ ದಾಟುತ್ತೆ. ಗರ್ಭಕೋಶ ಕೆಟ್ಟಿಲ್ಲ, ರಜದಲ್ಲಿದೆ ಅಷ್ಟೆ. ಮುಟ್ಟು ಸರಿಯಾಗಿ ಶುರುವಾಗ್ಲಿ, ಆಮೇಲೆ ದಿನ ಎಣಿಸು.”

“ನನ್ ಗರ್ಭಕೋಶಕ್ಕಾದ್ರೂ ರಜ ಸಿಕ್ತಲ್ಲ ಬುಡಿ ಸಿಸ್ಟರ್,” ಎಂದಿದ್ದಳು ಹೇಮಶ್ರೀ. “ನಂಗಂತೂ ಭಾನುವಾರನೂ ಇಲ್ಲ.”

ಹನುಮಂತರಾಜು ಹೊಟ್ಟೆ ಅಳೆದ ಸಂಜೆ ನಾವಿಬ್ಬರೂ ಊರಿಗೆ ಬಂದಾಗ ಅವಳ ಮನೆಯ ಜಗಲಿಯ ಮೇಲೆ ಶಾಸ್ತ್ರ ಹೇಳುವ ಮೂಡಲಗಿರಿಯಪ್ಪ ಕವಡೆ ಹರಡಿಕೊಂಡು ಕೂತಿದ್ದ. ಅತ್ತೆ ಚಿಕ್ಕಗಂಗಮ್ಮ ಕೈಕಟ್ಟಿ ನಿಂತಿದ್ದಳು. ಗಂಡ ಕಾಂತೇಶ್ ಕಂಬಕ್ಕೆ ಒರಗಿದ್ದ. ಅವನು ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನಿಗೆ ರಾತ್ರಿ ಪಾಳಿ, ಇವಳಿಗೆ ಹಗಲು. ಗಂಡ ಹೆಂಡತಿ ಹೆಚ್ಚಾಗಿ ಭೇಟಿಯಾಗುತ್ತಿದ್ದದ್ದು ಬಸ್ ಸ್ಟ್ಯಾಂಡಿನಲ್ಲಿ, ಅವನು ಇಳಿಯುವಾಗ ಇವಳು ಹತ್ತುವಾಗ. ಆ ವಾರ ಮಾತ್ರ ಅಪರೂಪಕ್ಕೆ ಹಗಲು ಪಾಳಿ ಸಿಕ್ಕಿತ್ತು, ಅದಕ್ಕೇ ಮನೆಯಲ್ಲಿದ್ದ.

“ಕೂತ್ಕ. ಮಡ್ಲು ಒಡ್ಡು,” ಎಂದ ಮೂಡಲಗಿರಿಯಪ್ಪ.

ಹೇಮಶ್ರೀ ಬೀದಿಯಲ್ಲಿ ಹೋಗುವವರೆದುರಿಗೆ ಮಂಡಿಯೂರಿ ಸೆರಗು ಒಡ್ಡಿದಳು. ಅವನು ಅದರೊಳಗೆ ಕವಡೆ ಚೆಲ್ಲಿ, ಬಗ್ಗಿ, ಮೂಸಿ ನೋಡಿದಂತೆ ಮಾಡಿದ.

“ಶಾಪ ಐತೆ. ಕಾಯಿಗೆ ಎಷ್ಟು ಕಣ್ಣು?”

“ಮೂರು,” ಎಂದಳು ಚಿಕ್ಕಗಂಗಮ್ಮ, ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದವಳ ಹಾಗೆ.

“ದಿನಕ್ಕೆ ಸಾವ್ರದಿನ್ನೂರ್ ಕಾಯಿ ಒಡದ್ರೆ?”

“ಮೂರ್ ಸಾವ್ರದ ಆರ್ನೂರು,” ಎಂದೆ ನಾನು, ಬಿ.ಎ. ಮಾನ ಉಳಿಸಲು.

“ಅಷ್ಟ್ ಕಣ್ಣಿನ್ ದೃಷ್ಟಿ ಈ ಹೆಣ್ಣಿನ್ ಮೇಲೈತೆ. ದಿವ್ಸಕ್ಕೆ. ಎಲ್ಲಿಂದ ನಿಂತಾತು ಗರ್ಭ? ಬಂಜೆ ಇವ್ಳು. ಬರ್ದಿಟ್ಕಳಿ.”

“ಅಂಗಾರೆ ಕೆಲ್ಸ ಬುಡ್ಸ್ಲ?” ಚಿಕ್ಕಗಂಗಮ್ಮನ ದನಿ ಅರ್ಧಕ್ಕಿಳಿಯಿತು. ಸೊಸೆಯ ಸಂಬಳ ಅವಳ ಸೆರಗಿನ ಗಂಟಿಗೇ ಬರುತ್ತಿತ್ತು.

ಮೂಡಲಗಿರಿಯಪ್ಪ ಲೋಕಾನುಭವಿ. “ಕೆಲ್ಸ ಬುಡ್ಸಾದ್ ಬ್ಯಾಡ್ದಿದ್ರೆ ಬ್ಯಾಡ. ಇನ್ನೊಂದ್ ಹೆಣ್ ತಂದ್ರೂ ಆಯ್ತದೆ,” ಎಂದ.

“ನೋಡಿಟ್ಟಿವ್ನಿ ಬುಡಿ, ಮಾರ್ಕೋನಳ್ಳಿ ತಾವ ಒಂದೈತೆ. ಯುಗಾದಿ ಗಂಟ ನೋಡ್ತೀನಿ. ಒಳಗೊಂದು ಕೂಸ್ ನಿಂತ್ರೆ ಸೈ, ಇಲ್ದಿದ್ರೆ ಇವ್ಳು ಕಾಯಿ ಒಡೀಲಿ, ಅವ್ಳು ಹೆರ್ಲಿ.”

“ಅವ್ವಾ, ನಂಗೊಂದ್ ಹೆಂಡ್ತಿ ಮಕ ನೋಡಾಕೇ ಶಿಫ್ಟ್ ಬುಡಲ್ಲ,” ಎಂದ ಕಾಂತೇಶ್. “ಎಲ್ಡ್ ಕಟ್ಕಂಡು ಏನ್ ಮಾಡ್ಲಿ, ಓವರ್‌ಟೈಮಾ?”

ಹೇಮಶ್ರೀ ಸೆರಗಿನ ಕವಡೆಗಳನ್ನು ಒಂದೊಂದಾಗಿ ಆರಿಸಿ ಶಾಸ್ತ್ರದವನ ಮುಂದಿಟ್ಟು ಎದ್ದಳು. ನನ್ನ ಕಡೆ ತಿರುಗಿ ಮೆಲ್ಲಗೆ, “ಬಿಯೆ, ಮನೇಲಿ ಬಂಜೆ, ಫ್ಯಾಕ್ಟ್ರೀಲಿ ಬಸ್ರಿ. ಒಂದ್ ಹೊಟ್ಟೆಗೆ ಎಲ್ಡ್ ಸರ್ಟಿಫಿಕೇಟು. ನೀನ್ ಓದ್ದೋಳು, ಎಲ್ಡ್ರಲ್ಲಿ ಯಾವ್ದುನ್ ನಂಬ್ಲಿ ಹೇಳು,” ಎಂದಳು. ನಗುತ್ತಿದ್ದಳು. ಸೆರಗು ಕೊಡವುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಬೆಳಿಗ್ಗೆ ಹತ್ತಕ್ಕೆ ರೇಣುಕಾಪ್ರಸಾದರು ಬಂದರು. ಬಿಳಿ ಪಂಚೆ, ಬಿಳಿ ಶರ್ಟು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಅವರು ಬೈಯುವವರಲ್ಲ, ಬೈಯುವುದಕ್ಕೆ ಹನುಮಂತರಾಜುವನ್ನು ಇಟ್ಟುಕೊಂಡಿದ್ದರು. ಅವರ ಮಾತು ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಓದಿದ ಹಾಗೆ. ಊಟದ ಹೊತ್ತಿನಲ್ಲಿ ನಾನು ಅವರ ದನಿ ಅನುಕರಿಸಿದರೆ ಕ್ಯಾಂಟೀನಿನ ಅಡುಗೆಯವನು ಲುಂಗಿ ಇಳಿಸಿ ಎದ್ದು ನಿಲ್ಲುತ್ತಿದ್ದ.

“ಮಗಳೇ,” ಎಂದರು ಹೇಮಶ್ರೀಗೆ. “ನೀನೀಗ ಎರಡು ಜೀವದವಳು. ಕಾಯಿ ಒಡೆಯುವ ಜಾಗದಲ್ಲಿ ನಿನ್ನನ್ನು ಕೂರಿಸಿ ನಾನು ಪಾಪ ಕಟ್ಟಿಕೊಳ್ಳಲಾರೆ. ಮನೆಗೆ ಹೋಗು, ವಿಶ್ರಾಂತಿ ತೆಗೆದುಕೋ. ಹೆರಿಗೆಯಾದ ಮೇಲೆ ಬಾ. ಜಾಗ ಖಾಲಿಯಿದ್ದರೆ ನೋಡೋಣ.”

“ನಾನು ಬಸ್ರಿ ಅಲ್ಲ ಸಾಮಿ.”

“ಸುಳ್ಳಾಡಬಾರದು. ಗರ್ಭದಲ್ಲಿರುವ ಶಿಶು ಕೇಳಿಸಿಕೊಳ್ಳುತ್ತದೆ.”

“ಇಲ್ದಿರೋ ಸಿಸು ಏನ್ ಕೇಳ್ಸ್ಕಂಡಾತು ಸಾಮಿ?”

“ಇಲ್ಲವೆಂದರೆ ಇನ್ನೂ ಸುಲಭ. ಸೂಜಿ ಹಾಕಿಸಿಕೋ, ಮಚ್ಚು ಹಿಡಿ.”

“ಸೂಜಿ ಬ್ಯಾಡ. ನಂಗ್ ಕೂಸ್ ಬೇಕು.”

“ಮಗು ಬೇಕಿದ್ದರೆ ಮನೆಗೆ ಹೋಗು,” ಎಂದರು ರೇಣುಕಾಪ್ರಸಾದರು, ಅಷ್ಟೇ ತಂಪಾಗಿ. “ನೋಡು, ಹೇಗೆ ಬಂದರೂ ಅಲ್ಲಿಗೇ ಬಂತು. ಹನುಮಂತರಾಜು, ಕಾರ್ಡು ಇಸಕೋ.”

ಹನುಮಂತರಾಜು ಅವಳ ಕೊರಳಿನ ಟ್ಯಾಗಿಗೆ ಕೈ ಹಾಕಿ ಎಳೆದ. ದಾರ ಹರಿಯಲಿಲ್ಲ, ಅವಳೇ ಅವನ ಕಡೆಗೆ ಮುಗ್ಗರಿಸಿದಳು. ಎರಡನೆಯ ಸಲ ಎಳೆದಾಗ ಹರಿಯಿತು. ಕತ್ತಿನ ಮೇಲೆ ಕೆಂಪು ಗೆರೆ ಎದ್ದಿತು.

ಪುಟ್ಟತಾಯಮ್ಮ ಕೈಯಲ್ಲಿದ್ದ ಕಾಯಿಯನ್ನು ನೋಡಿದಳು. ಅದನ್ನು ಒಡೆಯದೆ ಗುಡ್ಡೆಗೆ ವಾಪಸ್ ಎಸೆದಳು. ಮಚ್ಚನ್ನು ನೆಲಕ್ಕಿಟ್ಟಳು.

“ಸಾಮಿ, ನಂಗೂ ನಿಂತೈತೆ.”

“ಏನು ನಿಂತಿದೆ?”

“ಮುಟ್ಟು. ಸುಮಾರ್ ದಿನ ಆಯ್ತು. ಬಸ್ರೋ ಏನೋ. ಪಾಪ ಯಾಕೆ, ಕಾಯಿ ಒಡಿಯಾಕಿಲ್ಲ.”

“ಅಜ್ಜೀ, ನಿಂಗ್ ಐವತ್ತೆಂಟು,” ಎಂದ ಹನುಮಂತರಾಜು.

“ಅಂಗಾರೆ ಸೂಜಿ ಯಾಕ್ ಚುಚ್ಚಿದ್ರಿ? ಆಗ್ತೀನಿ ಅಂತ ತಾನೆ? ನಿಮ್ ಲಿಸ್ಟ್ ಸುಳ್ಳಾಡ್ತದಾ?”

ನನ್ನ ಮಚ್ಚನ್ನೂ ಕೆಳಗಿಟ್ಟೆ. “ನಂಗೂ ನಿಂತಿದೆ ಸಾರ್. ರಿಜಿಸ್ಟರ್ ನೋಡಿ.” ನನ್ನ ಪಕ್ಕದವಳು ಇಟ್ಟಳು. ಅವಳ ಪಕ್ಕದವಳು ಇಟ್ಟಳು. ಸಿಮೆಂಟ್ ನೆಲದ ಮೇಲೆ ಮಚ್ಚುಗಳ ಸದ್ದು ಸಾಲಿನ ತುದಿಯವರೆಗೆ ಹೋಗಿ ನಿಂತಿತು. ಕಂಪನಿಯ ಸೂಜಿಯೇ ನಮ್ಮೆಲ್ಲರ ಮುಟ್ಟನ್ನು ನಿಲ್ಲಿಸಿತ್ತು. ಕಂಪನಿಯ ರಿಜಿಸ್ಟರೇ ಸಾಕ್ಷಿ. ಹನುಮಂತರಾಜು ಪುಟ ತಿರುವಿದ. ಖಾಲಿ. ಇನ್ನೊಂದು ಪುಟ. ಖಾಲಿ.

“ಸಾರ್, ಈ ಲೆಕ್ಕದಲ್ಲಿ…” ಎಂದು ರಿಜಿಸ್ಟರ್ ಮುಚ್ಚಿದ, “ಎಲ್ರೂ ಬಸ್ರೀರೇ.”

ಬಾಗಿಲಲ್ಲಿ ಮೂಟೆ ಇಳಿಸುತ್ತಿದ್ದ ಕರಿಸಿದ್ದಪ್ಪ ಕೈ ಮುಗಿದು ಮುಂದೆ ಬಂದ. “ಸಾಮಿ, ಎಲ್ಡ್ ಸೂಜಿ ನಂಗೂ ಬಿದ್ದವೆ. ನಂದೂ ಒಂದ್ ಬರ್ಕಳಿ. ಮೂಟೆ ಹೊರಾಂಗಿಲ್ಲ ನಾನು.”

ಬೆಲ್ಟು ಖಾಲಿ ಓಡುತ್ತಿತ್ತು. ಹೊರಗೆ ಬಂದರಿಗೆ ಹೋಗಬೇಕಾದ ಲಾರಿ ಅರ್ಧ ತುಂಬಿ ನಿಂತಿತ್ತು. ರೇಣುಕಾಪ್ರಸಾದರು ಕಣ್ಣು ಮುಚ್ಚಿ ಒಂದು ನಿಮಿಷ ಶಿವಸ್ಮರಣೆ ಮಾಡಿದರು. ಕಣ್ಣು ತೆರೆದಾಗ ಉಪಾಯ ಸಿಕ್ಕಿತ್ತು.

“ಪರೀಕ್ಷೆ ಮಾಡಿಸು,” ಎಂದರು. “ಈಗಲೇ. ಎಲ್ಲರಿಗೂ. ಇಲ್ಲ ಎಂದು ಬಂದವಳು ಮಚ್ಚು ಹಿಡಿಯಬೇಕು. ಹಿಡಿಯದಿದ್ದರೆ ಗೇಟಿನಾಚೆ.”

ಹನುಮಂತರಾಜು ಬೈಕ್ ಹತ್ತಿ ಗುಬ್ಬಿ ಪೇಟೆಗೆ ಹೋಗಿ ಬಸುರು ನೋಡುವ ಕಡ್ಡಿ ಮೂವತ್ತೊಂದು ತಂದ. ಮೆಡಿಕಲ್ ಸ್ಟೋರಿನವನು, “ಯಾವೂರಲ್ಲಿ ಸಾರ್ ಇಷ್ಟು ದಿನ ಕರೆಂಟಿರ್ಲಿಲ್ಲ?” ಎಂದು ಕೇಳಿದನಂತೆ. ಕಡ್ಡಿ ಬಂತು, ಬಟ್ಟಲು ಬರಲಿಲ್ಲ.

“ಕರಟ ತಗಳ್ರಿ,” ಎಂದ ಹನುಮಂತರಾಜು.

ಹೀಗೆ ಮೂವತ್ತೊಂದು ಹೆಂಗಸರು, ಸೀಮೆಸುಣ್ಣದಲ್ಲಿ ಹೆಸರು ಬರೆದ ಮೂವತ್ತೊಂದು ತೆಂಗಿನ ಕರಟ ಹಿಡಿದು, ಇರುವ ಒಂದೇ ಕಕ್ಕಸಿನ ಮುಂದೆ ಬಿಸಿಲಿನಲ್ಲಿ ಸಾಲು ನಿಂತೆವು. ಲಾರಿಯವನು ನೋಡುತ್ತಿದ್ದ. ಹಮಾಲಿಗಳು ನೋಡುತ್ತಿದ್ದರು. ಹನುಮಂತರಾಜು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ತುಂಬಿದ ಕರಟವನ್ನು ಅವನ ಮೂಗಿನ ಕೆಳಗೇ ತೋರಿಸಿ, ಮೇಜಿನ ಮೇಲೆ ಇಡಬೇಕು.

“ನೀರ್ ಸೇರ್ಸಿಲ್ಲ ತಾನೆ?”

“ಮೂಸ್ ನೋಡಿ ಸಾ,” ಎಂದಳು ಮೊದಲನೆಯವಳು.

ಪುಟ್ಟತಾಯಮ್ಮ ಅರ್ಧ ಕರಟ ಮಾತ್ರ ತುಂಬಿಸಿ ತಂದಳು. “ವಯಸ್ಸಾಯ್ತು ಕಣ್ಲಾ. ಮಿಕ್ಕಿದ್ದು ಸಾಯಂಕಾಲ ಕೊಡ್ತೀನಿ.”

ಸಾಲಿನಲ್ಲಿ ನಗು ಎದ್ದು, ಬಿದ್ದುಹೋಯಿತು. ನನ್ನ ಹಿಂದಿದ್ದ ಹುಡುಗಿ ಕರಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಳುತ್ತಿದ್ದಳು.

ಹೇಮಶ್ರೀ ಒಳಗೆ ಹೋಗಿ ಬಹಳ ಹೊತ್ತಾಯಿತು. ಹನುಮಂತರಾಜು ಬಾಗಿಲು ಬಡಿದ. “ಏನ್ಲೇ, ಒಳ್ಗೇ ಹೆರ್ತಾ ಇದೀಯಾ?”

ಬಾಗಿಲು ತೆರೆಯಿತು. ಅವಳ ಕೈಯಲ್ಲಿ ಕರಟ ಖಾಲಿ. ಮುಖ ಹೇಗೋ ಆಗಿತ್ತು. ನಾನು ಸಾಲು ಬಿಟ್ಟು ಮುಂದೆ ಹೋದೆ.

“ಬಂತು,” ಎಂದಳು.

“ಏನ್ ಬಂತು?”

“ಬಂತು ಕಣೇ ಬಿಯೆ. ಒಂಬತ್ ತಿಂಗ್ಳಾದ್ಮೇಲೆ ಬಂತು. ಮುಟ್ಟಾಗಿವ್ನಿ.”

ಮುಟ್ಟಾಗಿದ್ದಕ್ಕೆ ಹೆಂಗಸೊಬ್ಬಳು ಹಾಗೆ ಕುಣಿದದ್ದನ್ನು ನಾನು ಕಂಡಿಲ್ಲ. ಕಕ್ಕಸಿನ ಮುಂದೆ, ಸುಡುವ ನೆಲದ ಮೇಲೆ, ಬರಿಗಾಲಲ್ಲಿ. ಮೈ ರಜ ಮುಗಿಸಿ ಕೆಲಸಕ್ಕೆ ಬಂದಿತ್ತು. ಬಂಜೆಯಲ್ಲ. ಯುಗಾದಿಗೆ ಇನ್ನೂ ನಾಲ್ಕು ತಿಂಗಳಿತ್ತು. ಸಾಲು ಚದುರಿತು, ಕರಟಗಳು ಉರುಳಿದವು, ಹನುಮಂತರಾಜುವಿನ ಪ್ಯಾಂಟು ಒದ್ದೆಯಾಯಿತು. ಅವಳನ್ನು ಎತ್ತಿಕೊಂಡವರೆಷ್ಟೋ ಮುದ್ದಿಸಿದವರೆಷ್ಟೋ.

“ಸಾರ್, ಬಸ್ರಿ ಅಲ್ಲ ಅಂತ ಪ್ರೂಫ್ ಆಯ್ತಲ್ಲ,” ಎಂದು ಹನುಮಂತರಾಜು ಆಫೀಸಿನ ಕಡೆ ಕೂಗಿದ. “ಲೇ, ಸಾಕು. ಮಚ್ಚ್ ಹಿಡ್ಕಂಡ್ ಕೂತ್ಕ.”

“ಎಲ್ಲಿ ಕೂರಾದು?” ಪುಟ್ಟತಾಯಮ್ಮ ಅಡ್ಡ ನಿಂತಳು. “ನಮ್ ಹುಡ್ಗಿ ದೊಡ್ಡೋಳಾಗವ್ಳೆ. ಒಸಗೆ ಮಾಡ್ದೆ ಒಳಿಕ್ಕೆ ಕರ್ಕಂಡೋದಾರಾ?”

“ಮದ್ವೆ ಆದೋಳ್ಗೆ ಎಂತ ಒಸಗೆ ಅಜ್ಜಿ?”

“ನಿಂತಿದ್ ಮೈ ತಿರುಗ್ ನೆರೀತು ಅಂದ್ರೆ ಹೊಸ ಮೈಯೇ ಕಣ್ಲಾ. ಗುಡ್ಲು ಹಾಕ್ಬೇಕು. ಸೋದರಮಾವ ಯಾರು? ಹಸೀ ಗರಿ ತರ್ಬೇಕು.”

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ತೆಂಗಿನ ಹಸೀ ಗರಿ ಕಡಿದು ತಂದು ಗುಡ್ಲು ಕಟ್ಟುತ್ತಾನೆ, ಹುಡುಗಿ ಅದರೊಳಗೆ ಕೂರುತ್ತಾಳೆ. ಕಟ್ಟಿದವನೇ ದಿನ ತುಂಬಿದ ಮೇಲೆ ಕಿತ್ತು ಸುಡಬೇಕು. ಬೇರೆ ಗಂಡಸರು ಅದನ್ನು ಮುಟ್ಟುವಂತಿಲ್ಲ. ಹೇಮಶ್ರೀಗೆ ಸೋದರಮಾವ ಇದ್ದದ್ದು ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ, ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು.

“ಅವನ್ಯಾಕೆ?” ಎಂದ ಕರಿಸಿದ್ದಪ್ಪ, ರಟ್ಟೆ ತೋರಿಸುತ್ತಾ. “ಅವ್ಳಿಗ್ ಬೀಳೋ ಸೂಜಿ ಎಲ್ಡು ಈ ತೋಳಿಗ್ ಬಿದ್ದವೆ. ನನಗಿಂತ ಹತ್ರದ ನೆಂಟ ಯಾವನ್ಲಾ ಅವ್ನೆ?”

ಗೇಟಿನ ಪಕ್ಕ ಸಾಹುಕಾರರು ಅಂದಕ್ಕೆಂದು ಬೆಳೆಸಿದ್ದ ಎರಡು ತೆಂಗಿನ ಮರಗಳಿದ್ದವು. ಅರವತ್ತು ದಾಟಿದವನು ಅಳಿಲಿನಂತೆ ಹತ್ತಿದ. ಗರಿಗಳು ದೊಪ್ಪನೆ ಬಿದ್ದವು. ನಾವು ಹೆಣೆದೆವು. ಗುಡ್ಲು ಎಲ್ಲಿ ಎಂಬ ಪ್ರಶ್ನೆ ಬಂತು. ಬಾಗಿಲು ಮೂಡಲಿಗೆ ಇರಬೇಕು ಎಂದಳು ಪುಟ್ಟತಾಯಮ್ಮ. ಫ್ಯಾಕ್ಟರಿಯಲ್ಲಿ ಮೂಡಲಿಗೆ ತೆರೆದುಕೊಂಡದ್ದು ಮೈನ್ ಗೇಟೊಂದೇ. ಅದರ ಎರಡು ಕಂಬಗಳ ನಡುವೆ, ಸರಿಯಾಗಿ ಮಧ್ಯಕ್ಕೆ, ಗುಡ್ಲು ಎದ್ದಿತು. ಹೇಮಶ್ರೀ ಒಳಗೆ ಕೂತಳು. ಸಾವಿರಾರು ಕಾಯಿ ಒಡೆದ ಕೈಗಳು ಆಯ್ದು ಒಂದು ಕಾಯಿ ಒಡೆದು, ಕ್ಯಾಂಟೀನಿನ ಬೆಲ್ಲ ಸೇರಿಸಿ ಅವಳ ಬಾಯಿಗಿಟ್ಟವು. ಸೋಬಾನೆ ಹಾಡಲು ಮೂತಿಯ ಬಟ್ಟೆ ಬಿಚ್ಚಿದೆವು.

ರೇಣುಕಾಪ್ರಸಾದರು ಓಡಿ ಬಂದರು. ಗುಡ್ಲಿನಿಂದ ಹತ್ತಡಿ ದೂರದಲ್ಲಿ ಪಂಚೆ ಎತ್ತಿ ಹಿಡಿದು ನಿಂತುಬಿಟ್ಟರು. ಮೈಲಿಗೆ.

“ಇದು ಯಾವ ಶಾಸ್ತ್ರ?” ಎಂದರು. ದನಿಯಲ್ಲಿ ಪ್ರದೇಶ ಸಮಾಚಾರ ನಿಂತುಹೋಗಿತ್ತು.

“ನಮ್ದು ಸಾಮಿ,” ಎಂದಳು ಪುಟ್ಟತಾಯಮ್ಮ. “ಬೋರ್ಡ್ ಬರ್ಸಿ ಸೀಲ್ ಹಾಕಾದೊಂದ್ ಬಾಕಿ.”

“ಲೋ ಡ್ರೈವರ್, ಹತ್ತಿಸೋ ಲಾರಿ,” ಎಂದ ಹನುಮಂತರಾಜು.

ಡ್ರೈವರು ಕೆಳಗಿಳಿದು, ಚಪ್ಪಲಿ ಬಿಟ್ಟು, ಗುಡ್ಲಿನ ಕಡೆ ಕೈ ಮುಗಿದ. “ನಂಗೂ ಎಲ್ಡ್ ಹೆಣ್ಮಕ್ಳವ್ರೆ ಕಣಣ್ಣ. ನೀನೇ ಹತ್ಸು, ಕೀ ತಗ.” ಹನುಮಂತರಾಜು ಕೀ ಇಸಕೊಳ್ಳಲಿಲ್ಲ.

ರೇಣುಕಾಪ್ರಸಾದರು ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಆಚೆಯ ದನಿ ನಮಗೂ ಕೇಳುತ್ತಿತ್ತು. “ಸಾರ್, ಹುಡುಗಿ ದೊಡ್ಡೋಳಾಗಿದ್ದಕ್ಕೆ ಯಾವ್ ಸೆಕ್ಷನ್ ಹಾಕ್ಲಿ ನಾನು? ಡ್ರೈವರ್ ಮುಟ್ಟಲ್ಲ ಅಂದದ್ದನ್ನ ನಮ್ ಪಿ.ಸಿ. ಮುಟ್ತಾನಾ?”

“ನಿಮಗೇನು ಬೇಕು?” ಎಂದರು ಕೊನೆಗೆ ನಮ್ಮ ಕಡೆ ತಿರುಗಿ.

ನಾನು ಅವರದೇ ದನಿಯಲ್ಲಿ ಹೇಳಬೇಕೆಂದಿದ್ದೆ, ಆಗಲಿಲ್ಲ. ನನ್ನದೇ ದನಿಯಲ್ಲಿ ಹೇಳಿದೆ. “ಅವಳ ಕಾರ್ಡು ವಾಪಸ್ ಕೊಡಿ. ಸೂಜಿ ಬೇಕಾದವಳು ತಾನೇ ಕೇಳ್ತಾಳೆ. ಬಸುರಾದವಳಿಗೆ ಕೂತು ಮಾಡೋ ಕೆಲಸ, ಹೆತ್ತವಳಿಗೆ ಸಂಬಳದ ರಜ. ಆ ರಿಜಿಸ್ಟರ್ ಸುಡಬೇಕು.”

ಅವರು ಬೆನ್ನು ತಿರುಗಿಸಿದರು. ಆಫೀಸಿಗೆ ಹೋದರು. ಕಿಟಕಿಯಿಂದ ಹನುಮಂತರಾಜು ಫೋನಿನಲ್ಲಿ ಕೂಗುವುದು ಕೇಳುತ್ತಿತ್ತು. ಕುಣಿಗಲ್ ಕಡೆಯಿಂದ ಬೆಳಿಗ್ಗೆ ಆರಕ್ಕೆ ಮೂವತ್ತು ಆಳು. ಜೊತೆಗೆ ಒಂದು ಜೆಸಿಬಿ. ಮಣ್ಣಿನ ಕೆಲಸವಾ ಎಂದು ಆಚೆಯವನು ಕೇಳಿರಬೇಕು. “ಇಲ್ಲ, ಗರಿ ಕೆಲಸ,” ಎಂದ.

ಸುದ್ದಿ ಕೇಳಿ ಯಾರೂ ಎದ್ದು ಹೋಗಲಿಲ್ಲ. ಗುಡ್ಲಿನ ಸುತ್ತ ಇನ್ನಷ್ಟು ಒತ್ತಿ ಕೂತೆವು.

ನಾಲ್ಕೂವರೆಗೆ ಕಾಂತೇಶನ ಬೈಕ್ ಬಂತು. ಹಿರೇಹಳ್ಳಿಯಿಂದ ಹೆಲ್ಮೆಟ್ ತೆಗೆಯದೆ ಬಂದಿದ್ದ, ಇಳಿದ ಮೇಲೂ ತೆಗೆಯುವುದು ಮರೆತಿದ್ದ. ನೇರ ಗುಡ್ಲಿನ ಕಡೆ ನಡೆದವನನ್ನು ಪುಟ್ಟತಾಯಮ್ಮ ಎದೆಗೆ ಕೈ ಇಟ್ಟು ತಡೆದಳು.

“ಎಲ್ಲಿಗ್ಲಾ?”

“ನನ್ ಹೆಂಡ್ತಿ ಕಣಜ್ಜಿ.”

“ಮೈನೆರೆದ ಹುಡ್ಗಿ ಮಕ ಗಂಡಸ್ರು ನೋಡಾಂಗಿಲ್ಲ. ಅಲ್ಲಿಂದ್ಲೇ ಮಾತಾಡು.”

ಅವನು ಹೆಲ್ಮೆಟ್ಟಿನೊಳಗಿಂದ ಕೂಗಿದ. “ಹೇಮಾ, ನಾಳೆ ಜೆಸಿಬಿ ಬತ್ತದಂತೆ. ಎದ್ ಬಾ, ಮನೀಗ್ ಹೋಗನ.”

“ಬತ್ತದೆ ಬುಡು,” ಎಂದಿತು ಗುಡ್ಲಿನೊಳಗಿಂದ ದನಿ. ಬಾಯಲ್ಲಿ ಕಾಯಿ ಬೆಲ್ಲವಿತ್ತು. “ಇಲ್ ಕೇಳು. ಮುಂದಿನ್ ವಾರದಿಂದ ನಿನ್ ಶಿಫ್ಟು ಯಾವ್ದು?”

“ನೈಟು.”

ಗರಿಯ ಸಂದಿಯಲ್ಲಿ ಅವಳ ಬೆರಳುಗಳು ಮಾತ್ರ ಕಾಣುತ್ತಿದ್ದವು. ಗೆಣ್ಣು ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು.

“ಇವತ್ತು ಒಂದು. ಸುಧಾ ಸಿಸ್ಟರ್ ಯೋಳವ್ರೆ, ಹತ್ತನೇ ದಿನದಿಂದ ಹದಿನೇಳ್ ಗಂಟ ಮನೇಲಿರ್ಬೇಕು ನೀನು. ಆ ವಾರ ಡೇ ಶಿಫ್ಟ್ ಹಾಕ್ಸ್ಕಂಡ್ ಬಾ.”

“ನಮ್ ವರ್ಕ್‌ಶಾಪ್ ಸಾವ್ಕಾರ ಒಪ್ಪಬೇಕಲ್ಲೇ.”

“ಒಪ್ದಿದ್ರೆ ಹೇಳು,” ಎಂದಳು ಹೇಮಶ್ರೀ. “ನಾವ್ ಮೂವತ್ತೊಂದ್ ಜನನೂ ಹಿರೇಳ್ಳಿಗೇ ಬತ್ತೀವಿ.”

ಕರಿಸಿದ್ದಪ್ಪ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕತ್ತೆತ್ತಿ, ಎರಡನೆಯ ಮರದಲ್ಲಿ ಎಷ್ಟು ಗರಿ ಉಳಿದಿವೆಯೆಂದು ನೋಡುತ್ತಿದ್ದ.